ಶಾಲೆಯಲ್ಲಿ ಸುಮ್ಮನೆ, ಮನೆಗೆ ಬಂದರೆ ರಂಪ

ಪ್ರಶ್ನೆ: ಮಗನಿಗೆ 8 ವರ್ಷ, ಆಟಿಸಂ ಇದೆ. ಸಾಮಾನ್ಯ ಶಾಲೆಯಲ್ಲಿ ಮೂರನೇ ಕ್ಲಾಸು. ಓದು, ಲೆಕ್ಕ ಪರವಾಗಿಲ್ಲ. ‘ಇಲ್ಲಿ ಸುಮ್ಮನೆ ಕೂತಿರ್ತಾನೆ, ಏನೂ ತೊಂದರೆ ಇಲ್ಲ’ ಅಂತಾರೆ ಟೀಚರ್. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಕಿರುಚಾಟ, ತಲೆ ಚಚ್ಚಿಕೊಳ್ಳುವುದು. ವಿಶೇಷ ಶಾಲೆಗೆ ಹಾಕಬೇಕೇ?
– ಓದುಗರು, ಹಾಸನ

ಉತ್ತರ: ಟೀಚರ್ ಹೇಳುವುದೂ ನಿಜ, ನೀವು ನೋಡುತ್ತಿರುವುದೂ ನಿಜ. ಗದ್ದಲ, ಅರ್ಥವಾಗದ ತಮಾಷೆ, ಕೈ ಅಲ್ಲಾಡಿಸಿದರೆ ನಗುತ್ತಾರೆಂಬ ಅಳುಕು ಎಲ್ಲವನ್ನೂ ಆರೇಳು ಗಂಟೆ ಅದುಮಿಟ್ಟುಕೊಂಡ ಮಗು, ಭಯವಿಲ್ಲದ ಜಾಗ ಸಿಕ್ಕ ಕೂಡಲೇ ಒಡೆದುಹೋಗುತ್ತದೆ. ‘ಮನೆಯಲ್ಲಿ ಶಿಸ್ತಿಲ್ಲ’ ಎನ್ನುವವರಿಗೆ ಕಿವಿಗೊಡಬೇಡಿ. ಆದರೆ ತಲೆ ಚಚ್ಚಿಕೊಳ್ಳುವುದು ಇತ್ತೀಚೆಗಷ್ಟೇ ಶುರುವಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಕಿವಿನೋವು, ಹಲ್ಲುನೋವು, ಮಲಬದ್ಧತೆಯನ್ನು ಈ ಮಕ್ಕಳು ಎಷ್ಟೋ ಸಲ ಬಾಯಿಬಿಟ್ಟು ಹೇಳುವುದಿಲ್ಲ.

ಶಾಲೆ ಬದಲಿಸುವ ಮುಂಚೆ ಎರಡು ವಾರ ಬ್ಯಾಗ್ ನೋಡಿ. ಡಬ್ಬಿ ಹಾಗೇ ವಾಪಸ್ ಬಂತೇ? ನೀರಿನ ಬಾಟಲಿ ತುಂಬಿಯೇ ಇದೆಯೇ? ಶೌಚಾಲಯದ ವಾಸನೆ, ಸದ್ದಿಗೆ ಹೆದರಿ ಇಡೀ ದಿನ ನೀರು ಕುಡಿಯದ ಮಕ್ಕಳಿದ್ದಾರೆ. ಯಾವ ದಿನ ರಂಪ ಜೋರು ಎಂದು ಬರೆದು, ಟೈಮ್‌ಟೇಬಲ್ ಜೊತೆ ತಾಳೆ ಹಾಕಿ.

ತೊಂದರೆ ಸಾಮಾನ್ಯವಾಗಿ ಪಾಠದಲ್ಲಿ ಇರುವುದಿಲ್ಲ. ಪಾಠದ ಹೊತ್ತಿನಲ್ಲಿ ಏನು ಮಾಡಬೇಕೆಂದು ಹೇಳುವವರಿದ್ದಾರೆ. ಪ್ರಾರ್ಥನೆ, ಊಟದ ಬಿಡುವು, ಆಟದ ಪೀರಿಯಡ್, ಬಸ್ಸಿನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಆದ್ದರಿಂದ ಆ ಹೊತ್ತುಗಳಿಗೇ ಅನುಕೂಲ ಕೇಳಿ: ಪ್ರಾರ್ಥನೆಯಲ್ಲಿ ಸಾಲಿನ ತುದಿ, ಬೆಂಚಿನ ಮೇಲೆ ಅಂಟಿಸಿದ ಚಿತ್ರದ ಟೈಮ್‌ಟೇಬಲ್, ಬದಲಾವಣೆ ಇದ್ದರೆ ಹಿಂದಿನ ದಿನವೇ ಸೂಚನೆ. ಸ್ಕೂಲ್ ಡೇ ಪ್ರಾಕ್ಟೀಸ್ ಶುರುವಾದರೆ ಟೈಮ್‌ಟೇಬಲ್ಲೇ ಇರುವುದಿಲ್ಲ, ಆ ದಿನಗಳಲ್ಲಿ ಹೆಚ್ಚು ಎಚ್ಚರ ಬೇಕು.

ಒಂದು ‘ಬಿಡುವಿನ ಚೀಟಿ’ ಮಾಡಿಸಿ. ಅದನ್ನು ತೋರಿಸಿದರೆ 5 ನಿಮಿಷ ಲೈಬ್ರರಿ ಮೂಲೆ. ಯಾರೂ ‘ಯಾಕೆ’ ಅನ್ನಬಾರದು. ಚೀಟಿ ಸೋಲುವುದು ಎರಡು ಕಡೆ. ಒಂದು, ತಪ್ಪು ಮಾಡಿದನೆಂದು ಅದನ್ನು ಕಿತ್ತುಕೊಂಡಾಗ. ಇನ್ನೊಂದು, ಸಿಟ್ಟು ಏರಿದ ಮೇಲೆ ಮೊದಲ ಸಲ ಕೈಗೆ ಕೊಟ್ಟಾಗ. ಮನಸ್ಸು ಸರಿಯಿರುವಾಗಲೇ ದಿನಕ್ಕೆರಡು ಸಲ ಬಳಸಿ ರೂಢಿಯಾಗಬೇಕು.

‘ಹೋಗಿ ಎಲ್ಲರ ಜೊತೆ ಆಡು’ ಅಂದರೆ ಸ್ನೇಹ ಬೆಳೆಯದು. ವಾರಕ್ಕೆ ಮೂರು ದಿನ, ಒಬ್ಬಿಬ್ಬರು ಮಕ್ಕಳು, 15 ನಿಮಿಷ, ಕೇರಂ ಅಥವಾ ಚೌಕಾಬಾರ. ನಿಯಮ ಸ್ಪಷ್ಟ, ಸರದಿ ಸ್ಪಷ್ಟ. ಕ್ಲಾಸ್ ಲೀಡರನ್ನು ಜೊತೆಗೆ ಹಾಕಿದರೆ ಅವನು ಮೇಲ್ವಿಚಾರಕನಾಗುತ್ತಾನೆ, ಗೆಳೆಯನಲ್ಲ. ಇವನ ಆಸಕ್ತಿಗೆ ಹೊಂದುವವರನ್ನು ಹುಡುಕಿ. ‘ಯಾರಾದರೂ ಕೀಟಲೆ ಮಾಡಿದರಾ’ ಎಂದರೆ ಉತ್ತರ ಸಿಗುವುದು ಕಷ್ಟ. ಶಾಲೆಯ ನಕ್ಷೆ ಬರೆದು, ಇಷ್ಟವಿಲ್ಲದ ಜಾಗಕ್ಕೆ ಕೆಂಪು ಹಚ್ಚಲು ಹೇಳಿ.

ಮನೆಗೆ ಬಂದ ಮೊದಲ ಮುಕ್ಕಾಲು ಗಂಟೆ ಪ್ರಶ್ನೆ, ಹೋಂವರ್ಕ್, ಟ್ಯೂಷನ್ ಯಾವುದೂ ಬೇಡ. ತಿಂಡಿ, ಉಯ್ಯಾಲೆ, ಮೌನ.

ಇಷ್ಟಾಗಿಯೂ ಮೂರ್ನಾಲ್ಕು ತಿಂಗಳಲ್ಲಿ ನಿದ್ದೆ, ಊಟ ಕೆಟ್ಟೇ ಇದ್ದರೆ, ಕಲಿತ ಮಾತು ಕಡಿಮೆಯಾದರೆ ಅಥವಾ ಶಾಲೆ ಇವನ್ನೆಲ್ಲ ತಳ್ಳಿಹಾಕಿದರೆ ಬದಲಿಸಿ. ಆಗಲೂ ವಿಶೇಷ ಶಾಲೆಯೊಂದೇ ದಾರಿಯಲ್ಲ. ಮಕ್ಕಳು ಕಡಿಮೆಯಿರುವ ಸಣ್ಣ ಸಾಮಾನ್ಯ ಶಾಲೆಯನ್ನೂ ನೋಡಿ.

ಪ್ರಶ್ನೆ: ‘ಇಂಥ ಮಗು ನಮ್ಮಲ್ಲಿ ಆಗಲ್ಲ, ಟಿಸಿ ತಗೊಳ್ಳಿ’ ಎಂದು ಶಾಲೆಯವರು ಹೇಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ಭೇದವಿಲ್ಲದೆ ಸೇರಿಸಿಕೊಳ್ಳಬೇಕೆನ್ನುತ್ತದೆ 16ನೇ ಸೆಕ್ಷನ್. ವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಶಾಲೆಯ ಮಾತನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ನೀವೇ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸಲ್ಲಿಸಿ, ನಿಮ್ಮ ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.