ನಾನೇ ಕಲಿಸಿದ ಹುಡುಗನ ಮೇಲೆ ಹೊಟ್ಟೆಕಿಚ್ಚು

ಪ್ರಶ್ನೆ: ನನಗೆ 54 ವರ್ಷ. 22 ವರ್ಷದಿಂದ ನಮ್ಮ ಸಭೆಯ ಕ್ವಾಯರ್ ನಡೆಸುತ್ತಿದ್ದೇನೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗನನ್ನು ನಾನೇ ಕರೆತಂದು ಕೀಬೋರ್ಡ್ ಕಲಿಸಿದೆ. ಈ ಸಲದ ಈಸ್ಟರ್ ಆರಾಧನೆ ಮುಗಿದಾಗ ಒಬ್ಬ ಅಜ್ಜಿ ‘ಈ ಹುಡುಗ ಬಂದ ಮೇಲೆ ಹಾಡಿಗೆ ಜೀವ ಬಂತು’ ಅಂದರು. ಅವತ್ತಿನಿಂದ ಅವನ ಮುಖ ನೋಡಿದರೆ ಹೊಟ್ಟೆ ಉರಿಯುತ್ತದೆ. ಉಪವಾಸ ಪ್ರಾರ್ಥನೆಯಲ್ಲಿ ‘ಈ ವರ್ಷದ ಕ್ರಿಸ್‌ಮಸ್ ಹಾಡುಗಳನ್ನು ಅವನ ಕೈಗೇ ಒಪ್ಪಿಸುತ್ತೇನೆ’ ಎಂದು ದೇವರಿಗೆ ಮಾತು ಕೊಟ್ಟಿದ್ದೆ. ಆದರೆ ಕಮಿಟಿಯಲ್ಲಿ ‘ಅವನು ಪ್ರಾಕ್ಟೀಸ್‌ಗೆ ಸರಿಯಾಗಿ ಬರಲ್ಲ’ ಅಂದುಬಿಟ್ಟೆ. ಅದು ಸುಳ್ಳು. ಮಾತು ಅವನ ಕಿವಿಗೂ ಬಿತ್ತು. ಈಗ ಅವನು ಬರುವುದನ್ನೇ ಬಿಟ್ಟಿದ್ದಾನೆ. ನಾನು ರಾಜೀನಾಮೆ ಕೊಟ್ಟುಬಿಡಲಾ?

ಉತ್ತರ: ಅಣ್ಣಾ, ‘ಅದು ಸುಳ್ಳು’ ಎಂದು ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಷ್ಟು ಬರೆಯುವುದಕ್ಕೆ ನಿಮಗೆ ಎಷ್ಟು ಕಷ್ಟವಾಗಿರಬೇಕು. ಹಾಗಾಗಿ ನಿಮ್ಮನ್ನು ಬೈಯುವುದಿಲ್ಲ. ಆದರೆ ಬೆನ್ನು ಸವರಿ ಕಳಿಸುವುದೂ ಇಲ್ಲ.

ಅಜ್ಜಿಯ ಮಾತು ಓದಿದಾಗಲೇ ನನಗೆ ಬೈಬಲ್ಲಿನ ಸೌಲ, ಇಸ್ರಾಯೇಲಿನ ಮೊದಲ ಅರಸ, ನೆನಪಾದ. ನಿಮಗೂ ನೆನಪಾಗಿರುತ್ತಾನೆ, ಅಲ್ವಾ? ಶತ್ರುಗಳ ದೈತ್ಯ ಗೊಲ್ಯಾತನನ್ನು ಕೊಂದು ದಾವೀದನೆಂಬ ಹುಡುಗ ಬಂದಾಗ ಊರೂರಿನ ಹೆಂಗಸರು ಕುಣಿಯುತ್ತಾ ಹಾಡಿದರು. ಸೌಲ ಕೊಂದದ್ದು ಸಾವಿರಗಟ್ಟಲೆ, ದಾವೀದ ಕೊಂದದ್ದು ಹತ್ತು ಸಾವಿರಗಟ್ಟಲೆ. ಇಷ್ಟೇ ಹಾಡು. ಅವತ್ತಿನಿಂದ ಸೌಲನ ಕಣ್ಣು ಆ ಹುಡುಗನ ಮೇಲೆ ಬಿತ್ತು. ತನ್ನ ಮನಸ್ಸಿನ ಕಳವಳ ಇಳಿಸಲು ಕಿನ್ನರಿ ನುಡಿಸುತ್ತಿದ್ದವನ ಮೇಲೆಯೇ ಈಟಿ ಎಸೆದ. ಕಮಿಟಿಯಲ್ಲಿ ನೀವು ಆಡಿದ ಮಾತೂ ಈಟಿಯೇ, ಅಣ್ಣಾ.

ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ಅದಕ್ಕೂ ಹಿಂದಿನದು. ಹೊಟ್ಟೆಕಿಚ್ಚು ಬರುವುದು ಒಂದನೇ ಸಮುವೇಲ ಪುಸ್ತಕದ 18ನೇ ಅಧ್ಯಾಯದಲ್ಲಿ. ಸೌಲ ಜಾರಿದ್ದು 13ರಲ್ಲಿ, ಮತ್ತೆ 15ರಲ್ಲಿ. ಆಗ ದಾವೀದ ಇನ್ನೂ ಅವನ ಕಣ್ಣಿಗೇ ಬಿದ್ದಿರಲಿಲ್ಲ. ಗಿಲ್ಗಾಲಿನಲ್ಲಿ ಪ್ರವಾದಿ ಸಮುವೇಲನಿಗಾಗಿ 7 ದಿನ ಕಾದ. ಸೈನಿಕರು ಒಬ್ಬೊಬ್ಬರಾಗಿ ಜಾರಿಕೊಳ್ಳುವುದನ್ನು ನೋಡಿ ತಡೆಯಲಾಗದೆ, ಸಮುವೇಲ ಬಂದು ಮಾಡಬೇಕಾಗಿದ್ದ ಯಜ್ಞವನ್ನು ತಾನೇ ಮಾಡಿದ. ಮುಗಿಸುವಷ್ಟರಲ್ಲಿ ಸಮುವೇಲ ಬಂದ. ಆಮೇಲೆ ಶತ್ರು ಜನಾಂಗವಾದ ಅಮಾಲೇಕ್ಯರ ಮೇಲೆ ಯುದ್ಧ. ಏನನ್ನೂ ಉಳಿಸಬೇಡ ಎಂದು ಅವನಿಗೆ ಆಜ್ಞೆಯಾಗಿತ್ತು. ಆ ಆಜ್ಞೆಯನ್ನು ಓದುವಾಗ ನನಗೂ ಮನಸ್ಸು ಭಾರವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸೌಲ ಕರುಣೆಯಿಂದ ಯಾರನ್ನೂ ಉಳಿಸಲಿಲ್ಲ. ಸಾಮಾನ್ಯ ಜನರನ್ನು ಕೊಂದು, ಅವರ ಅರಸನಾದ ಅಗಾಗನನ್ನೂ ಕೊಬ್ಬಿದ ಕುರಿದನಗಳನ್ನೂ ಇಟ್ಟುಕೊಂಡ. ಕೇಳಿದರೆ ‘ದೇವರಿಗೆ ಯಜ್ಞ ಮಾಡುವುದಕ್ಕೇ’ ಎಂಬ ಸಬೂಬು. ಸಿಕ್ಕಿಬಿದ್ದ ಮೇಲೆ ಹೇಳಿದ ಮಾತಂತೂ ನನಗೆ ಮರೆಯುವುದೇ ಇಲ್ಲ. ಪಾಪ ಮಾಡಿದ್ದೇನೆ ನಿಜ, ಆದರೂ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಸಮುವೇಲನನ್ನು ಬೇಡಿಕೊಂಡ.

ದೇವರ ಮುಂದೆ ತಪ್ಪಿಗೆ ಒಪ್ಪಿಗೆ, ಜನರ ಮುಂದೆ ಮರ್ಯಾದೆ. ಅವನಿಗೆ ಎರಡೂ ಬೇಕಿತ್ತು. ಜನರ ಕಣ್ಣಿನಲ್ಲಿ ತಾನೇ ದೊಡ್ಡವನಾಗಿರಬೇಕು ಎಂದು ಬದುಕುವವನಿಗೆ ಯಾರೋ ಹೆಂಗಸರ ಹಾಡೂ ಸಾವಿನ ಸುದ್ದಿಯ ಹಾಗೆ ಕೇಳುತ್ತದೆ. ನಿಮಗೆ ಅಜ್ಜಿಯ ಮಾತು ಹಾಗೇ ಕೇಳಿಸಿದೆ. ನೀವು ಬರೀ ಹೊಟ್ಟೆಕಿಚ್ಚಿನ ಜೊತೆ ಗುದ್ದಾಡುತ್ತಿದ್ದೀರಿ. ಕೊಟ್ಟ ಮಾತನ್ನು ನುಂಗಿದ್ದೀರಲ್ಲ, ಮೊದಲು ಸರಿ ಮಾಡಬೇಕಾದದ್ದು ಅದನ್ನು.

ರಾಜೀನಾಮೆ ಬಗ್ಗೆ ಕೇಳಿದ್ದೀರಿ. ಈಗಲೇ ಬೇಡ. ಬೇಜಾರು ಮಾಡಿಕೊಳ್ಳಬೇಡಿ, ಆ ಕಾಗದದ ಹಿಂದೆಯೂ ಮರ್ಯಾದೆಯ ಆಸೆ ಇದೆ ಅಂತ ನನಗನಿಸುತ್ತದೆ. ‘22 ವರ್ಷ ಸೇವೆ ಮಾಡಿ ತಾನಾಗಿಯೇ ಬಿಟ್ಟುಕೊಟ್ಟರು’ ಎಂದು ಎಲ್ಲರೂ ಹೇಳುತ್ತಾರೆ, ಶಾಲು ಹೊದಿಸುತ್ತಾರೆ. ಹುಡುಗನ ಮೇಲಿನ ಮಾತು ಮಾತ್ರ ಹಾಗೇ ಉಳಿಯುತ್ತದೆ.

ಅತ್ತು ಹಗುರ ಮಾಡಿಕೊಳ್ಳುವುದೂ ಸಾಲದು. ಸೌಲನಿಂದ ತಪ್ಪಿಸಿಕೊಂಡು ಅಡಗಿದ್ದ ದಾವೀದ, ಏಂಗೆದೀಯ ಗವಿಯಲ್ಲಿ ತನ್ನ ಕೈಗೆ ಸಿಕ್ಕ ಸೌಲನನ್ನು ಕೊಲ್ಲದೆ ಬಿಟ್ಟ. ಸೌಲ ಗಟ್ಟಿಯಾಗಿ ಅತ್ತ, ನೀನು ನನಗಿಂತ ಒಳ್ಳೆಯವನು ಎಂದ. ಆ ಅಳು ಸುಳ್ಳಲ್ಲ ಅಂತಲೇ ನಂಬುತ್ತೇನೆ. ಆದರೂ ಮತ್ತೆ 3000 ಜನರನ್ನು ಕಟ್ಟಿಕೊಂಡು ಅವನನ್ನು ಹುಡುಕಿ ಹೊರಟ.

ಅದೇ ಅರಮನೆಯಲ್ಲಿ ಸೌಲನ ಮಗ ಯೋನಾತಾನನೂ ಇದ್ದ. ದಾವೀದನಿಂದ ನಿಜವಾಗಿ ನಷ್ಟ ಆಗಬೇಕಾಗಿದ್ದು ಅವನಿಗೆ. ಅಪ್ಪನ ನಂತರ ಪಟ್ಟ ಅವನದು. ಆದರೂ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟು ಎಲ್ಲ ಬಿಚ್ಚಿ ದಾವೀದನಿಗೆ ಕೊಟ್ಟ. ಆಮೇಲೆ ಕಾಡಿಗೇ ಹೋಗಿ ‘ನೀನು ಅರಸನಾಗುತ್ತೀ, ನಾನು ನಿನಗೆ ಎರಡನೆಯವನಾಗಿರುತ್ತೇನೆ’ ಎಂದು ಧೈರ್ಯ ತುಂಬಿದ. ಪ್ರೀತಿಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಲಿಲ್ಲ, ಕೈಯಾರೆ ಕೊಟ್ಟ.

ಹಾಗಾಗಿ ಮೊದಲು ಸಭೆಯ ಪಾದ್ರಿ ಅಯ್ಯನವರ ಹತ್ತಿರ ಹೋಗಿ ನಡೆದದ್ದನ್ನು ಹೇಳಿ. ಆಮೇಲೆ ಅದೇ ಕಮಿಟಿಯಲ್ಲಿ, ಅದೇ ಜನರ ಮುಂದೆ, ‘ಅವನು ಪ್ರಾಕ್ಟೀಸ್ ತಪ್ಪಿಸಿರಲಿಲ್ಲ, ನಾನು ಸುಳ್ಳು ಹೇಳಿದೆ’ ಎನ್ನಿ. ‘ಆದರೆ’ ಎಂದು ಏನನ್ನೂ ಸೇರಿಸಬೇಡಿ. ನಾಲ್ಕು ಜನ ಪಿಸುಗುಡುತ್ತಾರೆ, ಮನೆಯವರಿಗೂ ನೋವಾಗುತ್ತದೆ. ಅದನ್ನು ತಡೆದುಕೊಳ್ಳಬೇಕು.

ಮುಗಿದ ಮೇಲೂ ಹೊಟ್ಟೆ ಉರಿ ಪೂರ್ತಿ ಹೋಗಲಿಕ್ಕಿಲ್ಲ. ಹೆದರಬೇಡಿ, ಅದರ ಮಾತು ಕೇಳಬೇಡಿ, ಅಷ್ಟೇ. ನಿಮ್ಮ 22 ವರ್ಷ ವ್ಯರ್ಥವಾಯಿತು ಅಂತಲೂ ಕೊರಗಬೇಡಿ. ಸೌಲ ಅರಸನಾದ ಹೊಸದರಲ್ಲಿ ಯಾಬೇಷ್ ಊರಿನವರನ್ನು ಕಾಪಾಡಿದ್ದ. ತನ್ನನ್ನು ಹೀಯಾಳಿಸಿದವರನ್ನೂ ಅವತ್ತು ಕೊಲ್ಲಗೊಡಲಿಲ್ಲ. ಎಷ್ಟೋ ವರ್ಷದ ನಂತರ ಅವನು ಗಿಲ್ಬೋವ ಬೆಟ್ಟದಲ್ಲಿ ಸತ್ತಾಗ ಅದೇ ಯಾಬೇಷಿನವರು ರಾತ್ರಿಯೆಲ್ಲ ನಡೆದುಹೋಗಿ, ಶತ್ರುಗಳು ಗೋಡೆಗೆ ತೂಗುಹಾಕಿದ್ದ ಅವನ ದೇಹವನ್ನು ಇಳಿಸಿ ತಂದರು. ಅವನು ಮಾಡಿದ ಒಳ್ಳೆಯದನ್ನು ಅವರು ಮರೆತಿರಲಿಲ್ಲ.

ಕಮಿಟಿ ಮುಗಿದ ದಿನವೇ ಹುಡುಗನ ಮನೆಗೆ ಹೋಗಿ. ಫೋನ್ ಸಾಲದು. ಅವನ ಅಪ್ಪ ಅಮ್ಮ ಇದ್ದರೆ ಅವರ ಮುಂದೆಯೇ ಕ್ಷಮೆ ಕೇಳಿ. ಅವನು ತಕ್ಷಣ ಬರಲು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಹೋಗುವಾಗ ನಿಮ್ಮ ಕೈಬರಹದ ಹಾಡಿನ ಪುಸ್ತಕ ಮತ್ತು ಕೀಬೋರ್ಡ್ ಕೋಣೆಯ ಕೀ ತೆಗೆದುಕೊಂಡು ಹೋಗಿ. ಬರುವಾಗ ಅಲ್ಲೇ ಬಿಟ್ಟು ಬನ್ನಿ.