ಮೂಳೆ ಇಂಪ್ಲಾಂಟ್ ಲೋಹಗಳ ಮೇಲೆ ಪಿಎಚ್‌ಡಿ: ಊರು ಬಿಡದೆ ಆಗುತ್ತದೆಯೇ?

ಎಂ.ಟೆಕ್ ಮುಗಿಸಿ ಮಂಗಳೂರು–ಉಡುಪಿಯಲ್ಲೇ ಮೂಳೆ ಇಂಪ್ಲಾಂಟ್ (ಮೂಳೆಗೆ ಆಸರೆಯಾಗಿ ದೇಹದೊಳಗೆ ಅಳವಡಿಸುವ ಸಾಧನ) ಲೋಹಗಳ ಬಗ್ಗೆ ಪಿಎಚ್‌ಡಿ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಸುರತ್ಕಲ್ಲಿನ ಎನ್ಐಟಿಕೆಯಲ್ಲಿ (ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ) ಲೋಹ ಮತ್ತು ವಸ್ತು ವಿಜ್ಞಾನ ವಿಭಾಗವಿದೆ. ಮಣಿಪಾಲದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳೆರಡೂ ಒಂದೇ ಊರಿನಲ್ಲಿವೆ. ಈ ವಿಷಯಕ್ಕೆ ಅದು ದೊಡ್ಡ ಅನುಕೂಲ.

ಅರ್ಜಿಗಿಂತ ಮೊದಲು ಮಾರ್ಗದರ್ಶಕರನ್ನು ಹುಡುಕಿ. ಅವರ ಇತ್ತೀಚಿನ ಎರಡು ಮೂರು ಪ್ರಬಂಧ ಓದಿ, ಒಂದು ಪುಟದ ಪ್ರಸ್ತಾವ ಕಳಿಸಿ. ಉದಾಹರಣೆಗೆ ಮೆಗ್ನೀಸಿಯಂ ಮಿಶ್ರಲೋಹ: ದೇಹದಲ್ಲಿ ಬೇಗ ಕರಗಿ ಹೈಡ್ರೋಜನ್ ಬಿಡುತ್ತದೆ, ಮೂಳೆ ಕೂಡುವ ಮೊದಲೇ ಬಲ ಕಳೆದುಕೊಳ್ಳುತ್ತದೆ. ಇದನ್ನು ನಿಧಾನಿಸುವ ಲೇಪನವೇ ಒಳ್ಳೆಯ ಪ್ರಶ್ನೆ.

ಹೆಚ್ಚಿನವರು ಎಡವುವುದು ಜೀವಕೋಶ ಪರೀಕ್ಷೆಯಲ್ಲಿ, ಅಂದರೆ ಲೋಹ ಜೀವಕೋಶಗಳಿಗೆ ಹಾನಿ ಮಾಡುತ್ತದೆಯೇ ಎಂದು ನೋಡುವಲ್ಲಿ. ಜೀವವಿಜ್ಞಾನದ ಸಹಮಾರ್ಗದರ್ಶಕರನ್ನು ಮೊದಲ ವರ್ಷವೇ ಗೊತ್ತುಮಾಡಿಕೊಳ್ಳಿ. ಪ್ರಾಣಿ ಪ್ರಯೋಗವಿದ್ದರೆ ನೈತಿಕ ಸಮಿತಿಯ ಅನುಮತಿಗೂ ಸಮಯ ಬೇಕು.

ಗೇಟ್ (ಎಂಜಿನಿಯರಿಂಗ್ ಉನ್ನತ ಶಿಕ್ಷಣದ ಪ್ರವೇಶ ಪರೀಕ್ಷೆ) ಅಂಕಕ್ಕೆ 3 ವರ್ಷ ಮಾನ್ಯತೆ. ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ.