ಕ್ಲಾಹ್ಯಾಮರ್ ಬ್ಯಾಂಜೊ ನುಡಿಸುವಾಗ ಐದನೇ ತಂತಿ ತಾಳ ತಪ್ಪುವುದೇಕೆ?

ಹೆಬ್ಬೆರಳು ತನ್ನ ಪಕ್ಕದ ಆ ಗಿಡ್ಡ ತಂತಿಯನ್ನು ತಡವಾಗಿ ಹುಡುಕುವುದರಿಂದ. ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯ ಈ ಓಲ್ಡ್ ಟೈಮ್ (ಹಳೆಯ ಜನಪದ) ಶೈಲಿಯಲ್ಲಿ ತೋರುಬೆರಳಿನ ಅಥವಾ ನಡುಬೆರಳಿನ ಉಗುರಿನ ಬೆನ್ನು ತಂತಿಯನ್ನು ಕೆಳಮುಖವಾಗಿ ಹೊಡೆಯುತ್ತದೆ, ಮೇಲಕ್ಕೆ ಮೀಟುವುದಿಲ್ಲ. ಮೊದಲ ಎಣಿಕೆಗೆ ರಾಗದ ಒಂದು ಸ್ವರ. ಎರಡನೆಯದರ ಮೊದಲರ್ಧಕ್ಕೆ ಹಲವು ತಂತಿ ಸವರುವುದು, ಉಳಿದರ್ಧಕ್ಕೆ ಹೆಬ್ಬೆರಳು. ಸವರಿ ಮುಗಿಯುವಷ್ಟರಲ್ಲಿ ಹೆಬ್ಬೆರಳು ಐದನೇ ತಂತಿಯ ಮೇಲೆ ಕೂತಿರಬೇಕು. ಕೈ ಮೇಲೆದ್ದಾಗ ತಂತಿ ತಾನಾಗಿ ನುಡಿಯುತ್ತದೆ. ಬೆರಳನ್ನಷ್ಟೇ ಆಡಿಸಿದರೆ ಕೆಲಸ ಕೆಡುತ್ತದೆ, ಇಡೀ ಕೈ ಒಟ್ಟಿಗೆ ಇಳಿಯಲಿ. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಎಡಗೈ ಮುಟ್ಟಿಸದೆ ಇದನ್ನಷ್ಟೇ ಸಾಧಿಸಿ. ಬೇಸರದ ಕೆಲಸ, ಆದರೆ ಅಡ್ಡದಾರಿಯಿಲ್ಲ.

ಪಿಟೀಲಿನ ಜೊತೆ ಕೂತಾಗ ಇನ್ನೊಂದು ತೊಡಕು: 'ಜಿ'ಯಿಂದ 'ಎ' ಶ್ರುತಿಗೆ ಹೋಗಲು ಎರಡನೇ ಫ್ರೆಟ್ಟಿಗೆ (ಬ್ಯಾಂಜೊ ಕತ್ತಿನ ಅಡ್ಡಪಟ್ಟಿಗೆ) ತಂತಿಗಳನ್ನು ಒತ್ತಿಹಿಡಿಯುವ ಕ್ಯಾಪೊ ಹಾಕಿದರೂ ಗಿಡ್ಡದಾದ ಐದನೇ ತಂತಿ ಅದಕ್ಕೆ ಸಿಗುವುದಿಲ್ಲ. ಅದನ್ನು ಬೇರೆಯಾಗಿ 'ಎ'ಗೆ ಏರಿಸಿ.